ಶಿವರಾತ್ರಿ ರಾತ್ರಿ ಎದ್ದಿದ್ದ ಹುಡುಗ



ಪ್ರತಿ ವರ್ಷ ಶಿವರಾತ್ರಿಗೆ ಜಾಗರಣೆ ಮಾಡ್ತೀನಿ ಅಂತ ಮನೆಯಲ್ಲಿ ಜಂಬ ಕೊಚ್ಚಿ, ತಂಬಿಟ್ಟು ತಿಂದು, ಭಜನೆ ಶುರುವಾಗೋ ಹೊತ್ತಿಗೇ ಅಜ್ಜಿ ತೊಡೆ ಮೇಲೆ ಮಲಗಿಬಿಡ್ತೀನಿ. ನಮ್ಮಷ್ಟೇ ವಯಸ್ಸಿನ ಒಬ್ಬ ಹುಡುಗ ಹಾಗೆ ಮಲಗಲಿಲ್ಲ. ಅವನೇ ಮುಂದೆ ಸ್ವಾಮಿ ದಯಾನಂದ ಸರಸ್ವತಿ ಆದದ್ದು.

ದಯಾನಂದರು 1824ರಲ್ಲಿ ಗುಜರಾತಿನ ಕಾಠಿಯಾವಾಡದ ಟಂಕಾರಾ ಎಂಬ ಊರಿನಲ್ಲಿ ಹುಟ್ಟಿದರು. ಮನೆಯಲ್ಲಿ ಇಟ್ಟ ಹೆಸರು ಮೂಲಶಂಕರ. ತಂದೆ ದೊಡ್ಡ ಶಿವಭಕ್ತರು, ಬಹಳ ಕಟ್ಟುನಿಟ್ಟು. ಮಗನಿಗೆ 14 ವರ್ಷವಾದಾಗ ಈ ಸಲ ನೀನೂ ಉಪವಾಸ ಇರಬೇಕು ಎಂದರು. ಹುಡುಗ ಹಸಿವು ತಡೆಯಲ್ಲ ಅಂತ ತಾಯಿ ಬೇಡವೆಂದರು. ತಂದೆ ಕೇಳಲಿಲ್ಲ.

ರಾತ್ರಿ ಎಲ್ಲರೂ ಶಿವನ ಗುಡಿಗೆ ಹೋದರು. ಎರಡು ಜಾವದ ಪೂಜೆ ಮುಗಿಯಿತು. ನಡುರಾತ್ರಿ ಆದ ಮೇಲೆ ಪೂಜಾರಿಗಳು ಹೊರಗೆ ಹೋಗಿ ಮಲಗಿದರು. ಆಮೇಲೆ ತಂದೆಯೂ ಮಲಗಿದರು! ಮೂಲಶಂಕರ ಮಾತ್ರ ನಿದ್ದೆ ಮಾಡಿದರೆ ವ್ರತ ಕೆಡುತ್ತದೆ ಅಂತ ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತಾ ಕೂತಿದ್ದ. ಆಗ ಇಲಿಗಳು ಬಂದು ಲಿಂಗದ ಮೇಲೆ ಓಡಾಡಿ, ಅಲ್ಲಿ ಇಟ್ಟಿದ್ದನ್ನು ತಿನ್ನತೊಡಗಿದವು. ಲೋಕವನ್ನೇ ಕಾಯುವ ಶಿವ ಒಂದು ಇಲಿಯನ್ನು ಓಡಿಸಲಿಲ್ಲವಲ್ಲ ಅಂತ ಹುಡುಗನಿಗೆ ಯೋಚನೆ ಹತ್ತಿತು. ತಂದೆಯನ್ನು ಎಬ್ಬಿಸಿ ಕೇಳಿಯೇಬಿಟ್ಟ. ನಾನಾಗಿದ್ದರೆ ಅಪ್ಪನನ್ನು ಎಬ್ಬಿಸೋ ಧೈರ್ಯ ಬರ್ತಿರಲಿಲ್ಲ. ಶಿವ ಕೈಲಾಸದಲ್ಲಿ ಇರುತ್ತಾನೆ, ಕಲಿಯುಗದಲ್ಲಿ ಕಾಣುವುದಿಲ್ಲ, ಅದಕ್ಕೇ ಮೂರ್ತಿ ಇಟ್ಟು ಪೂಜೆ ಮಾಡುವುದು ಎಂದು ತಂದೆ ಹೇಳಿದರು. ಹುಡುಗನಿಗೆ ಸಮಾಧಾನ ಆಗಲಿಲ್ಲ. ಮನೆಗೆ ಹೋಗ್ತೀನಿ ಅಂದ. ಉಪವಾಸ ಮುರಿಯಬೇಡ ಎಂದು ಹೇಳಿ ತಂದೆ ಒಬ್ಬ ಸಿಪಾಯಿಯ ಜೊತೆ ಕಳಿಸಿದರು. ಮನೆಯಲ್ಲಿ ತಾಯಿ ಸಿಹಿ ತಿಂಡಿ ಕೊಟ್ಟರು, ಅವನು ತಿಂದು ಮಲಗಿದ. ಬೆಳಿಗ್ಗೆ ತಂದೆಗೆ ಗೊತ್ತಾಗಿ ತುಂಬಾ ಬೈದರು. ಚಿಕ್ಕಪ್ಪನೂ ತಾಯಿಯೂ ಹುಡುಗನ ಪರ ಮಾತಾಡಿ, ಅವನು ಓದಲಿ ಎಂದು ಸಮಾಧಾನ ಮಾಡಿದರು.

ಮುಂದೆ ಅವನ ತಂಗಿ ಕಾಲರಾ ಬಂದು ಕೆಲವೇ ಗಂಟೆಗಳಲ್ಲಿ ಸತ್ತುಹೋದಳು. ಎಲ್ಲರೂ ಅಳುತ್ತಿದ್ದರೆ ಮೂಲಶಂಕರ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ. ಕಲ್ಲುಮನಸ್ಸು ಅಂತ ಜನ ಬೈದರು. ಆದರೆ ತುಂಬಾ ಪ್ರೀತಿ ಮಾಡುತ್ತಿದ್ದ ಚಿಕ್ಕಪ್ಪ ತೀರಿಕೊಂಡಾಗ ಅವನು ಅತ್ತೂ ಅತ್ತೂ ಕಣ್ಣು ಊದಿಸಿಕೊಂಡ. ಸಾವನ್ನು ಗೆಲ್ಲುವ ದಾರಿ ಯಾವುದು ಅಂತ ಹುಡುಕಬೇಕೆನ್ನಿಸಿತು. ಮನೆಯವರು ಮದುವೆಗೆ ಸಿದ್ಧತೆ ಮಾಡಿದರು. 1846ರಲ್ಲಿ ಒಂದು ಸಂಜೆ ಯಾರಿಗೂ ಹೇಳದೆ ಮನೆಬಿಟ್ಟ.

ಸಿದ್ಧಪುರದ ಜಾತ್ರೆಯಲ್ಲಿ ತಂದೆ ಹುಡುಕಿ ಹಿಡಿದರು. ಕಾವಿ ಬಟ್ಟೆ ಹರಿದುಹಾಕಿ, ಕಾವಲು ಇಟ್ಟರು. ಕಾವಲಿನವನು ತೂಕಡಿಸಿದಾಗ ಮಗ ಕೈಯಲ್ಲಿ ನೀರಿನ ಚೊಂಬು ಹಿಡಿದು ತಪ್ಪಿಸಿಕೊಂಡ. ಯಾರಾದರೂ ಕೇಳಿದರೆ ಬಯಲಿಗೆ ಹೋಗ್ತೀನಿ ಅನ್ನೋಣ ಅಂತ. ಮರುದಿನ ಪೂರ್ತಿ ಗುಡಿ ಹತ್ತಿರದ ಮರದ ಮೇಲೆ ಅವಿತು ಕೂತಿದ್ದ. ಅಪ್ಪ ಮಗ ಮತ್ತೆ ಒಂದಾಗಲಿಲ್ಲ.

ಈ ಕಥೆಯನ್ನು ಅಜ್ಜಿಗೆ ಹೇಳಿದೆ. ಅಜ್ಜಿಗೆ ಇಲಿ ವಿಷಯವೇ ಬೇಕಾಗಲಿಲ್ಲ. ರಾತ್ರಿಯಲ್ಲಿ ಎದ್ದು ತಿಂಡಿ ಕೊಟ್ಟ ತಾಯಿಗೆ ಮಗ ಹೇಳದೆ ಹೋದನಲ್ಲಾ ಅಂತ ಬೇಜಾರು ಮಾಡಿಕೊಂಡರು. ನನಗೂ ಹಾಗೇ ಅನ್ನಿಸಿತು.

ಆಮೇಲೆ ದಯಾನಂದರು ಊರೂರು ಅಲೆದರು. 1860ರಲ್ಲಿ ಮಥುರೆಗೆ ಹೋಗಿ, ಕಣ್ಣು ಕಾಣದ ವಿರಜಾನಂದರ ಬಳಿ ವ್ಯಾಕರಣ, ಶಾಸ್ತ್ರ ಓದಿದರು. 1875ರಲ್ಲಿ ಮುಂಬೈಯಲ್ಲಿ ಆರ್ಯ ಸಮಾಜ ಕಟ್ಟಿದರು. ಬಾಲ್ಯವಿವಾಹ ಬೇಡ, ಹೆಣ್ಣುಮಕ್ಕಳೂ ವೇದ ಓದಬೇಕು ಎಂದರು. ಮೂರ್ತಿಪೂಜೆ ಬೇಡ ಅಂದದ್ದಕ್ಕೆ ತುಂಬಾ ಜನ ಅವರ ಮೇಲೆ ಸಿಟ್ಟಾದರು. 1879ರಲ್ಲಿ ಒಂದು ಪತ್ರಿಕೆಗೆ ತಮ್ಮ ಬಾಲ್ಯದ ಕಥೆ ಹೇಳಿದಾಗ, ಮನೆಯವರ ನಂಟು ಮತ್ತೆ ಅಂಟಬಾರದೆಂದು ತಂದೆಯ ಹೆಸರನ್ನೂ ಹುಟ್ಟಿದ ಊರನ್ನೂ ಹೇಳಲಿಲ್ಲ. ಆದರೆ ಆ ಶಿವರಾತ್ರಿಯನ್ನು ಮಾತ್ರ ಒಂದೂ ಬಿಡದೆ ಹೇಳಿದರು, ಸಿಪಾಯಿಯನ್ನೂ ತಾಯಿಯ ತಿಂಡಿಯನ್ನೂ ಸೇರಿಸಿ.

1883ರ ಅಕ್ಟೋಬರ್ 30ರಂದು ಅಜ್ಮೀರದಲ್ಲಿ ಅವರು ತೀರಿಕೊಂಡರು. ಆ ದಿನ ದೀಪಾವಳಿ. ದೀಪ ಹಚ್ಚುವ ಹೊತ್ತು.

— 7ನೇ ತರಗತಿ