ವಿದುಷಿ ಎಮಿಲಿ ದು ಶಾತ್ಲೆಯ ಚರಿತ್ರೆ

ನಮ್ಮ ಪಾಠಶಾಲೆಯಲ್ಲಿ ಭೌತಶಾಸ್ತ್ರವನ್ನು ಓದಿದ ಹಳೆಯ ವಿದ್ಯಾರ್ಥಿನಿಯರಿಗೆ ಸರ್ ಐಸಾಕ್ ನ್ಯೂಟನನ ಹೆಸರು ಅಪರಿಚಿತವಲ್ಲ. ಆತನು 1687ನೆಯ ಇಸವಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಿನ್ಸಿಪಿಯಾ ಎಂಬ ಗ್ರಂಥದಲ್ಲಿ ಚಲನೆಯ ಮೂರು ನಿಯಮಗಳು ನಿರೂಪಿತವಾಗಿವೆ. ಈ ಕಠಿಣ ಗ್ರಂಥವನ್ನು ಫ್ರೆಂಚ್ ಭಾಷೆಗೆ ತಂದು, ಅದಕ್ಕೆ ವ್ಯಾಖ್ಯಾನವನ್ನೂ ಬರೆದವಳು ಒಬ್ಬ ಸ್ತ್ರೀ. ಯೂರೋಪಿನಲ್ಲಿ ಪ್ರಖ್ಯಾತಳಾದ ಆಕೆಯ ಚರಿತ್ರೆಯನ್ನು ವಾಚಕರಿಗೆ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಎಮಿಲಿಯು 1706ನೆಯ ಇಸವಿ ಡಿಸೆಂಬರ್ 17ರಂದು ಪ್ಯಾರಿಸ್ ನಗರದಲ್ಲಿ ಜನಿಸಿದಳು. ತಂದೆಯು ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದನು. 1725ರಲ್ಲಿ ದು ಶಾತ್ಲೆ ಎಂಬ ಸೇನಾಧಿಕಾರಿಯೊಡನೆ ಆಕೆಯ ವಿವಾಹವಾಯಿತು. ಮಕ್ಕಳ ತಾಯಿಯಾದ ಬಳಿಕವೂ ಆಕೆಯ ವಿದ್ಯಾಭಿಲಾಷೆಯು ಕುಂದಲಿಲ್ಲ. ಮೋಪರ್ತ್ವಿ ಮತ್ತು ಕ್ಲೆರೋ ಎಂಬ ಗಣಿತ ಪಂಡಿತರಿಂದ ಪಾಠ ಹೇಳಿಸಿಕೊಂಡಳು. ಪ್ಯಾರಿಸಿನ ವಿಜ್ಞಾನ ಸಭೆಯಲ್ಲಿ ಆ ಕಾಲಕ್ಕೆ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಆದರೂ ಆ ಸಭೆಯು ಅಗ್ನಿಯ ಸ್ವರೂಪವನ್ನು ಕುರಿತು ಏರ್ಪಡಿಸಿದ ಸ್ಪರ್ಧೆಗೆ ಆಕೆಯು ರಾತ್ರಿಯ ವೇಳೆ ಗುಟ್ಟಾಗಿ ಪ್ರಬಂಧವನ್ನು ಬರೆದು ಕಳುಹಿಸಿದಳು. ಬಹುಮಾನವು ದೊರೆಯದಿದ್ದರೂ ಸಭೆಯು ಆ ಪ್ರಬಂಧವನ್ನು ಮುದ್ರಿಸಿತು.

ಆಕೆಯು ವಿವರಿಸಿದ ನ್ಯೂಟನನ ನಿಯಮಗಳನ್ನು ನಮ್ಮ ಸೀಮೆಯ ದೃಷ್ಟಾಂತಗಳಿಂದ ತಿಳಿಯಬಹುದು. ನಮ್ಮ ಹಿರಿಯರ ಕಾಲದಲ್ಲಿ ಸಿರುಗುಪ್ಪದ ಗದ್ದೆಗಳಿಂದ ಎತ್ತಿನ ಬಂಡಿಗಳು ಭತ್ತವನ್ನು ಹೇರಿಕೊಂಡು ಬರುತ್ತಿದ್ದವು. ನಿಂತ ಬಂಡಿಯು ಎತ್ತುಗಳು ಎಳೆಯದೆ ತಾನಾಗಿ ಹೊರಡದು. ಅದೇ ಬಲದಿಂದ ಎಳೆದರೆ ಬರಿಯ ಬಂಡಿಯ ವೇಗವು ಬೇಗನೆ ಹೆಚ್ಚುವುದು. ತುಂಬಿದ ಬಂಡಿಯದು ನಿಧಾನವಾಗಿ ಹೆಚ್ಚುವುದು. ವೇಗದ ಈ ಹೆಚ್ಚಳಕ್ಕೆ ವೇಗೋತ್ಕರ್ಷವೆಂದು ಹೆಸರು. ಬಲವು ಇಮ್ಮಡಿಯಾದರೆ ವೇಗೋತ್ಕರ್ಷವೂ ಇಮ್ಮಡಿ. ದ್ರವ್ಯರಾಶಿಯು ಇಮ್ಮಡಿಯಾದರೆ ಅದು ಅರ್ಧವಾಗುವುದು. ಕುರುಗೋಡಿನ ಬೆಟ್ಟದಿಂದ ಉರುಳಿದ ಕಲ್ಲು ಇಳಿದಿಳಿದಂತೆ ವೇಗವನ್ನು ಗಳಿಸುವುದು ಭೂಮಿಯ ಆಕರ್ಷಣಬಲವು ಎಡೆಬಿಡದೆ ಅದನ್ನು ಸೆಳೆಯುವುದರಿಂದಲೇ.

1740ರಲ್ಲಿ ಎಮಿಲಿಯು ತನ್ನ ಮಗನ ಶಿಕ್ಷಣಕ್ಕೆಂದು ಭೌತಶಾಸ್ತ್ರದ ಪುಸ್ತಕವೊಂದನ್ನು ಪ್ರಕಟಿಸಿದಳು. ಹಾಲೆಂಡಿನ ಗ್ರಾವೆಸಾಂದೆ ಎಂಬ ಪಂಡಿತನು ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಇಮ್ಮಡಿ ವೇಗದಿಂದ ಬಿದ್ದ ಗುಂಡು ನಾಲ್ಮಡಿ ಪರಿಣಾಮವನ್ನುಂಟುಮಾಡುವುದೆಂದು ಕಂಡಿದ್ದನು. ಎಮಿಲಿಯು ಈ ಪಕ್ಷವನ್ನು ಎತ್ತಿಹಿಡಿದಳು. ವಿಜ್ಞಾನ ಸಭೆಯ ಕಾರ್ಯದರ್ಶಿಯಾದ ಮೆರಾನನು ಖಂಡಿಸಿದಾಗ, 1741ರಲ್ಲಿ ಅಚ್ಚಿನಲ್ಲಿಯೇ ಧೈರ್ಯವಾಗಿ ಪ್ರತ್ಯುತ್ತರವನ್ನಿತ್ತಳು. ಇಂದು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಲಾರಿಯು ವೇಗವನ್ನು ಇಮ್ಮಡಿಸಿದರೆ, ಅದೇ ಬ್ರೇಕಿನ ಬಲದಿಂದ ನಿಲ್ಲಲು ನಾಲ್ಮಡಿ ದೂರವು ಬೇಕಾಗುವುದಕ್ಕೂ ಇದೇ ಕಾರಣ. 1746ರಲ್ಲಿ ಇಟಲಿಯ ಬೊಲೋನ್ಯಾ ನಗರದ ವಿಜ್ಞಾನ ಸಭೆಯು ಆಕೆಯನ್ನು ಸದಸ್ಯಳನ್ನಾಗಿ ಆರಿಸಿ ಗೌರವಿಸಿತು.

ಆ ವೇಳೆಗೆ ಆಕೆಯು ಪ್ರಿನ್ಸಿಪಿಯಾದ ಭಾಷಾಂತರದಲ್ಲಿ ತೊಡಗಿದ್ದಳು. 1749ರಲ್ಲಿ, 42 ವರ್ಷ ವಯಸ್ಸಿನವಳಾಗಿ, ಮತ್ತೆ ಗರ್ಭಿಣಿಯಾದಳು. ಆ ಕಾಲದಲ್ಲಿ ಆ ವಯಸ್ಸಿನ ಪ್ರಸವವು ಪ್ರಾಣಾಪಾಯಕರವೆಂಬುದನ್ನು ಆಕೆಯು ಚೆನ್ನಾಗಿ ಅರಿತಿದ್ದಳು. ಕೈಗೊಂಡ ಕಾರ್ಯವು ಅರೆಯಾಗಿ ಉಳಿಯಬಾರದೆಂದು ಹಗಲಿರುಳೆನ್ನದೆ ದುಡಿದು, ಹಸ್ತಪ್ರತಿಯನ್ನು ಅರಸನ ಗ್ರಂಥಭಂಡಾರಕ್ಕೆ ಕಳುಹಿಸಿದಳು. ಸೆಪ್ಟೆಂಬರ್ 4ರಂದು ಹೆಣ್ಣು ಮಗುವನ್ನು ಹೆತ್ತು, 10ರಂದು ಲೂನೆವಿಲ್‌ನಲ್ಲಿ ಪರಲೋಕವನ್ನೈದಿದಳು. ಆ ಶಿಶುವೂ ಬಹುಕಾಲ ಬದುಕಲಿಲ್ಲ.

ಆಕೆಯ ಗ್ರಂಥವು ಸಂಪೂರ್ಣವಾಗಿ ಅಚ್ಚಾದದ್ದು 1759ರಲ್ಲಿ. ನ್ಯೂಟನನ ನಿಯಮಗಳನ್ನನುಸರಿಸಿ ಲೆಕ್ಕ ಹಾಕಿದ್ದ ಹ್ಯಾಲಿಯ ಧೂಮಕೇತುವು ಸೂರ್ಯನ ಬಳಿಗೆ ಮರಳಿ ಬಂದದ್ದೂ ಅದೇ ವರ್ಷ. ಎರಡನ್ನೂ ಕಾಣುವ ಭಾಗ್ಯವು ಆಕೆಗಿರಲಿಲ್ಲ. ಆದರೆ ಫ್ರೆಂಚರು ಇಂದಿಗೂ ಆ ಭಾಷಾಂತರವನ್ನು ಓದುತ್ತಾರೆ.

ಹೆಣ್ಣುಮಕ್ಕಳಿಗೆ ಗಣಿತವೂ ಭೌತಶಾಸ್ತ್ರವೂ ಹೊರೆಯಾದಾವೆಂದು ಶಂಕಿಸುವ ತಂದೆತಾಯಿಗಳು ಈ ಚರಿತ್ರೆಯನ್ನು ಮನೆಯಲ್ಲಿ ಓದಿ ಹೇಳಬೇಕೆಂದು ನಮ್ಮ ಬಿನ್ನಹ. ಮನೆವಾರ್ತೆಯ ನಡುವೆ ಓದನ್ನು ಬಿಟ್ಟ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪುಸ್ತಕವನ್ನು ಮರಳಿ ಕೈಗೆತ್ತಿಕೊಳ್ಳುವರೆಂದು ಹಾರೈಸುತ್ತೇವೆ.