ವಿಶ್ವೇಶ್ವರಯ್ಯನವರ ಜಲಶಾಸ್ತ್ರಾಧ್ಯಯನ: ತರಗತಿಯಿಂದ ನದೀಪಾತ್ರಕ್ಕೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕುರಿತ ಕನ್ನಡ ಜೀವನಚರಿತ್ರೆಗಳು ಬಹುಮಟ್ಟಿಗೆ ಎರಡು ಚಿತ್ರಗಳ ಸುತ್ತ ಬೆಳೆದಿವೆ. ಒಂದು, ಕಷ್ಟಪಟ್ಟು ಓದಿದ ಬಡ ಬಾಲಕನದು. ಇನ್ನೊಂದು, ಕನ್ನಂಬಾಡಿ ಕಟ್ಟಿದ ದಿವಾನರದು. ಇವೆರಡರ ನಡುವೆ, 1881ರಿಂದ 1883ರವರೆಗೆ ಪುಣೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದ ತರುಣನಿಗೆ ದೊರೆತಿರುವುದು ಒಂದೆರಡು ವಾಕ್ಯಗಳು ಮಾತ್ರ. ಪ್ರಥಮ ಸ್ಥಾನ ಬಂದಿತು, ಬಹುಮಾನ ದೊರೆಯಿತು ಎಂಬಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ. ನೀರನ್ನು ಕುರಿತು ಅವರು ಏನನ್ನು ಕಲಿತರು, ಕಲಿತ ಶಾಸ್ತ್ರ ಆಗ ಯಾವ ಸ್ಥಿತಿಯಲ್ಲಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಅವರ ಹುಟ್ಟೂರು ಮುದ್ದೇನಹಳ್ಳಿ ನಂದಿಬೆಟ್ಟದ ಸೀಮೆಗೆ ಸೇರಿದ್ದು. ಅದು ತುಂಬಿ ಹರಿಯುವ ನದಿಯ ನಾಡಲ್ಲ, ಕೆರೆಗಳ ನಾಡು. ಏರಿ, ತೂಬು, ಕೋಡಿ, ಕಾಲುವೆ ಎಂಬ ಶಬ್ದಗಳಲ್ಲಿ ಅಲ್ಲಿಯ ಜಲವಿದ್ಯೆ ಅಡಗಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಬೇಗ ತೀರಿಕೊಂಡುದರಿಂದ ವಿದ್ಯಾಭ್ಯಾಸವು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಸಾಗಿತು. ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು.

ಆ ಕಾಲೇಜು ಇದ್ದುದು ಮುಳಾ ಮತ್ತು ಮುಠಾ ನದಿಗಳ ಸಂಗಮದ ಸಮೀಪದಲ್ಲಿ. ಮುಠಾ ನದಿಯಲ್ಲಿ ಊರಿಗೆ ಕೆಲವೇ ಮೈಲಿ ಮೇಲಕ್ಕೆ ಖಡಕ್‌ವಾಸಲಾ ಅಣೆಕಟ್ಟು 1879ರ ಸುಮಾರಿಗೆ ಮುಗಿದಿತ್ತು. ಹೀಗೆ ವಿದ್ಯಾರ್ಥಿಯ ಸುತ್ತ ನದಿಯೂ ಇತ್ತು, ನದಿಗೆ ಅಡ್ಡಲಾಗಿ ಕಟ್ಟಿದ ಹೊಸ ಕಲ್ಲುಗೋಡೆಯೂ ಇತ್ತು.

ಪುಸ್ತಕದ ಶಾಸ್ತ್ರವಾದರೋ ಇನ್ನೂ ಅರ್ಧ ಕಟ್ಟಿದ ಮನೆ. ನಿಂತ ನೀರಿನ ಒತ್ತಡ, ರಂಧ್ರದಿಂದ ಹೊರಬೀಳುವ ನೀರಿನ ವೇಗ ಮೊದಲಾದವುಗಳ ಗಣಿತ ಸ್ಥಿರವಾಗಿತ್ತು. ತೊಡಕಿದ್ದುದು ತೆರೆದ ಪಾತ್ರದಲ್ಲಿ ಹರಿಯುವ ನೀರಿನಲ್ಲಿ. ಪ್ರವಾಹದ ವೇಗವು ಆಳ ಮತ್ತು ಇಳಿಜಾರುಗಳ ಗುಣಲಬ್ಧದ ವರ್ಗಮೂಲವನ್ನು ಅನುಸರಿಸುತ್ತದೆ ಎಂದು ಫ್ರಾನ್ಸಿನ ಷೆಜಿ 18ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಸೂಚಿಸಿದ್ದನು. ಆದರೆ ಆ ಸೂತ್ರದ ಗುಣಕವು ಒಂದೊಂದು ಪಾತ್ರಕ್ಕೆ ಒಂದೊಂದಾಗುತ್ತಿತ್ತು. ಡಾರ್ಸಿ ಮತ್ತು ಬಾಜಿನ್ 1865ರಲ್ಲಿ, ಸ್ವಿಟ್ಜರ್ಲೆಂಡಿನ ಗಾಂಗಿಯೆ ಮತ್ತು ಕುಟ್ಟರ್ 1869ರಲ್ಲಿ, ಪಾತ್ರದ ಒರಟುತನವನ್ನು ಲೆಕ್ಕಕ್ಕೆ ತರಲು ಯತ್ನಿಸಿದರು. ಒರಟುತನದ ಅಂಕಿಯನ್ನು ಮಾತ್ರ ಎಂಜಿನಿಯರನು ನೋಡಿಯೇ ಆರಿಸಬೇಕಾಗಿತ್ತು. ಯೂರೋಪಿನ ಕಾಲುವೆಗಳಲ್ಲಿ ಹುಟ್ಟಿದ ಸೂತ್ರಗಳು ಭಾರತದ ದೊಡ್ಡ ಕಾಲುವೆಗಳಿಗೆ ಹೊಂದುತ್ತವೆಯೇ ಎಂಬುದನ್ನು ಪರೀಕ್ಷಿಸಲು ಅಲನ್ ಕನಿಂಗ್‌ಹ್ಯಾಮ್ ರೂರ್ಕಿಯ ಬಳಿ ಗಂಗಾ ಕಾಲುವೆಯಲ್ಲಿ 1874ರಿಂದ 1879ರವರೆಗೆ ಅಳತೆಗಳನ್ನು ನಡೆಸಿದ್ದನು. ನುಣುಪಾಗಿ ಸಾಗುವ ಹರಿವು ಯಾವ ಹಂತದಲ್ಲಿ ಕದಡುತ್ತದೆ ಎಂಬುದನ್ನು ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಪ್ರಕಟಿಸಿದ್ದು 1883ರಲ್ಲಿ, ವಿಶ್ವೇಶ್ವರಯ್ಯನವರು ಎಲ್.ಸಿ.ಇ. ಮತ್ತು ಎಫ್.ಸಿ.ಇ. ಪರೀಕ್ಷೆಗಳಲ್ಲಿ ಮೊದಲಿಗರಾಗಿ ಜೇಮ್ಸ್ ಬರ್ಕ್ಲಿ ಬಹುಮಾನ ಪಡೆದುದೂ ಅದೇ ವರ್ಷ. ಇಂದಿನ ವಿದ್ಯಾರ್ಥಿ ಮೊದಲು ಕಲಿಯುವ ಮ್ಯಾನಿಂಗ್ ಸೂತ್ರ ಮಂಡಿತವಾದುದು 1889ರಲ್ಲಿ. ಅವರ ಪೀಳಿಗೆಗೆ ದೊರೆತದ್ದು ಸಿದ್ಧ ಉತ್ತರಗಳ ಶಾಸ್ತ್ರವಲ್ಲ, ಸ್ಥಳಕ್ಕೆ ಹೋಗಿ ಅಳೆಯದ ಹೊರತು ನಡೆಯದ ಶಾಸ್ತ್ರ. ಮುಂದೆ ಅವರ ವ್ಯಕ್ತಿತ್ವದ ಲಕ್ಷಣವೆಂದು ಹೊಗಳಲಾದ ಅಂಕಿ-ಅಂಶಗಳ ನಿಷ್ಠೆಯನ್ನು ಬರಿಯ ಸ್ವಭಾವವೆಂದು ಕಾಣುವುದಕ್ಕಿಂತ ಈ ಶಿಕ್ಷಣದ ಫಲವೆಂದು ಕಾಣುವುದು ಹೆಚ್ಚು ಸಮಂಜಸ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರಿಗೆ ಮೊದಲ ಕಠಿಣ ಪಾಠವಾದುದು ಖಾನದೇಶದ ದಾತರ್ತಿ ಗ್ರಾಮದ ಬಳಿ. ಪಾಂಝ್ರಾ ನದಿಯ ಕಾಲುವೆಯೊಂದನ್ನು ಕೊಳವೆಯ ಮೂಲಕ ಹಳ್ಳದ ತಳದಲ್ಲಿ ದಾಟಿಸಬೇಕಾಗಿತ್ತು. ಇದರ ತತ್ತ್ವ ಸರಳ: ಒಂದು ದಡದಲ್ಲಿ ಕೆಳಗಿಳಿದ ನೀರು, ಮಟ್ಟದ ವ್ಯತ್ಯಾಸ ಸಾಕಷ್ಟಿದ್ದರೆ, ಇನ್ನೊಂದು ದಡದಲ್ಲಿ ತಾನಾಗಿ ಮೇಲೇರುತ್ತದೆ. ಆದರೆ ಮಳೆಗಾಲದ ಪ್ರವಾಹ ಮತ್ತು ಅದು ತಂದು ತುಂಬುವ ಮರಳು ಈ ತತ್ತ್ವಕ್ಕೆ ಸೇರಿದ ಸಂಗತಿಗಳಲ್ಲ. ಕೆಲಸವನ್ನು ಮಳೆ ಕಳೆಯುವವರೆಗೆ ಮುಂದೂಡಲು ಕೇಳಿಕೊಂಡಾಗ ಮೇಲಧಿಕಾರಿ ಅಸಮಾಧಾನಗೊಂಡರು. ತರುಣ ಎಂಜಿನಿಯರರು ಮತ್ತೆ ವಾದಿಸದೆ ಕೆಲಸ ಮುಗಿಸಿದರು.

ಹತ್ತು ವರ್ಷಗಳ ಬಳಿಕ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದ ಕುಡಿಯುವ ನೀರಿನ ಕೆಲಸ ಬಂದಿತು. ಸಿಂಧೂ ನದಿಯ ನೀರು ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನಲ್ಲಿ ಜಿನುಗಿ ತಿಳಿಯಾದ ನೀರನ್ನು ಸುರಂಗದ ಮೂಲಕ ಪಡೆದರು. ಮರಳಿನೊಳಗಿನ ಹರಿವಿನ ನಿಯಮವನ್ನು ಡಾರ್ಸಿ 1856ರಲ್ಲಿಯೇ ನಿರೂಪಿಸಿದ್ದನು. ಸಕ್ಕರಿನಲ್ಲಿ ಮರಳು ತುಂಬಿದ ನದೀಪಾತ್ರವೇ ಸೋಸುವ ತೊಟ್ಟಿಯಾಯಿತು.

ಪುಣೆಯ ದಿನಗಳ ಖಡಕ್‌ವಾಸಲಾಕ್ಕೆ ಅವರು ಮರಳಿ ಬಂದದ್ದು ಅಧಿಕಾರಿಯಾಗಿ. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದುಹೋಗುವ ನೀರನ್ನು ಹಿಡಿದಿಡಬೇಕು, ಆದರೆ ಗೋಡೆಯನ್ನು ಎತ್ತರಿಸುವಂತಿಲ್ಲ, ಪ್ರವಾಹ ಬಂದರೆ ದಾರಿ ಬಿಡಲೇಬೇಕು. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ತೂಕದ ಸಮತೋಲ ತಪ್ಪಿ ತಾನಾಗಿ ತೆರೆದು, ಇಳಿದೊಡನೆ ಮುಚ್ಚಿಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಅಲ್ಲಿ ಅಳವಡಿಸಲಾಯಿತು. ಇದರಿಂದ ಸಂಗ್ರಹದ ಮಟ್ಟ ಸುಮಾರು 8 ಅಡಿ ಏರಿತು. ಬಾಗಿಲು ಕಾಯುವ ಆಳಿನ ಕೆಲಸವನ್ನು ನೀರಿನ ಒತ್ತಡವೇ ಮಾಡುವ ಈ ಏರ್ಪಾಟಿನಲ್ಲಿ ತರಗತಿಯ ಸ್ಥಿತಿಶಾಸ್ತ್ರವೂ ಕೋಡಿಯ ಗ್ರಾಮೀಣ ತಿಳಿವಳಿಕೆಯೂ ಒಂದಾಗಿವೆ ಎನ್ನಬಹುದು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಾಗ, ಪರಿಹಾರೋಪಾಯಕ್ಕಾಗಿ ಬಂದ ಅವರು ನದಿಯನ್ನು ಮಾತ್ರ ನೋಡಲಿಲ್ಲ. ಇಡೀ ಜಲಾನಯನ ಪ್ರದೇಶದ 788 ಕೆರೆಗಳ ಲೆಕ್ಕ ತೆಗೆದರು; ಅವುಗಳಲ್ಲಿ 221 ಒಡೆದಿದ್ದವು. ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಜಲಾಶಯ ಕಟ್ಟುವ ಅವರ ಸಲಹೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳಾಗಿ ಕಾರ್ಯರೂಪಕ್ಕೆ ಬಂದಿತು. ಕೆರೆನಾಡಿನಲ್ಲಿ ಹುಟ್ಟಿದವರಿಗೆ ಕೆರೆ ಒಡೆದರೆ ಹಳ್ಳ ನದಿಯಾಗುತ್ತದೆಂಬುದನ್ನು ಪುಸ್ತಕ ಹೇಳಬೇಕಾಗಿರಲಿಲ್ಲ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾದ ಬಳಿಕ 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಥೆ ಕನ್ನಡದಲ್ಲಿ ಸಾಕಷ್ಟು ಬಂದಿದೆ. ಮದರಾಸು ಸರ್ಕಾರದ ಆಕ್ಷೇಪದಿಂದ ಮೊದಲಿಗೆ 80 ಅಡಿಗೆ ಮಾತ್ರ ಅನುಮತಿ ಸಿಕ್ಕರೂ ತಳಪಾಯವನ್ನು 124 ಅಡಿಗೆ ತಕ್ಕಂತೆ ಹಾಕಿದ್ದನ್ನು ದೂರದೃಷ್ಟಿಯೆಂದು ಬಣ್ಣಿಸಲಾಗುತ್ತದೆ. ಅದು ಸರಿಯೇ. ಆದರೆ ಪೂರ್ಣಮಟ್ಟವೆಂಬ ಆ ಒಂದು ಅಂಕಿ ಮುಳುಗಡೆಯ ಗೆರೆಯನ್ನೂ ಎಳೆಯಿತು. ಕನ್ನಂಬಾಡಿ ಗ್ರಾಮ, ಅದರ ವೇಣುಗೋಪಾಲಸ್ವಾಮಿ ದೇವಾಲಯ, ಸುತ್ತಲ ಹಳ್ಳಿಗಳ ಹೊಲಮನೆಗಳು ಆ ಗೆರೆಯ ಕೆಳಗಾದವು. ಹರಿವನ್ನು ಅಳೆಯಲು ಕಲಿಸಿದ ಶಾಸ್ತ್ರದಲ್ಲಿ ಒಕ್ಕಲೆದ್ದವರನ್ನು ಎಣಿಸುವ ಪಾಠವಿರಲಿಲ್ಲ. ಜೀವನಚರಿತ್ರೆಕಾರರೂ ಆ ಲೆಕ್ಕವನ್ನು ಹೆಚ್ಚಾಗಿ ಕೇಳಲಿಲ್ಲ.

1955ರಲ್ಲಿ ಭಾರತರತ್ನ ಬಂದಾಗ ಅವರು ತೊಂಬತ್ತು ದಾಟಿದ್ದರು. 1961ರ ಜುಲೈ 12ರಂದು, ಮುಠಾ ನದಿಯ ಉಪನದಿಯ ಮೇಲೆ ನಿರ್ಮಾಣ ಹಂತದಲ್ಲಿದ್ದ ಪಾನ್‌ಶೆತ್ ಅಣೆಕಟ್ಟು ಒಡೆದು, ಅದರ ನೀರು ನುಗ್ಗಿ ಹಳೆಯ ಖಡಕ್‌ವಾಸಲಾ ಅಣೆಕಟ್ಟನ್ನೂ ಒಡೆಯಿತು. ಪುಣೆ ನಗರ ಜಲಾವೃತವಾಯಿತು. ಒಡೆದ ಅಣೆಕಟ್ಟನ್ನು ಮುಂದೆ ಮತ್ತೆ ಕಟ್ಟಲಾಯಿತು. ಆ ಹೊತ್ತಿಗೆ ವಿಶ್ವೇಶ್ವರಯ್ಯನವರು ಇರಲಿಲ್ಲ. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.