ಶ್ರೀ ಹರ್ಡೇಕರ ಮಂಜಪ್ಪನವರೂ ಆಲಮಟ್ಟಿಯ ವಿದ್ಯಾಲಯವೂ

ಮಕ್ಕಳಿಗೆ ಅಕ್ಷರವನ್ನು ಕಲಿಸಿದ ಪುಣ್ಯವಂತರು ಕನ್ನಡ ನಾಡಿನಲ್ಲಿ ಅನೇಕರು ಆಗಿಹೋಗಿದ್ದಾರೆ. ಅಕ್ಷರದೊಡನೆ ಕೈಗೆ ಕಾಯಕವನ್ನೂ ಮನಸ್ಸಿಗೆ ನಿಷ್ಠೆಯನ್ನೂ ಕೊಡದಿದ್ದರೆ ಆ ವಿದ್ಯೆಯು ಅರೆವಿದ್ಯೆಯೆಂದು ತಿಳಿದು, ಆ ತಿಳಿವಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದವರು ವಿರಳ. ಅಂತಹ ವಿರಳರಲ್ಲಿ ಕರ್ನಾಟಕದ ಗಾಂಧಿಯೆಂದು ನಾಡು ಕರೆದು ಗೌರವಿಸಿದ ಶ್ರೀ ಹರ್ಡೇಕರ ಮಂಜಪ್ಪನವರು ಅಗ್ರಗಣ್ಯರು.

ಮಂಜಪ್ಪನವರು 1886ನೆಯ ಇಸವಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ ಜನಿಸಿದರು. ಕದಂಬರ ರಾಜಧಾನಿಯೆಂದು ಇತಿಹಾಸದಲ್ಲಿ ಮೆರೆದ ಆ ಊರು ಅವರ ಬಾಲ್ಯದ ಹೊತ್ತಿಗೆ ಸಾಮಾನ್ಯವಾದ ಒಂದು ಗ್ರಾಮವಾಗಿದ್ದಿತು. ಮನೆಯಲ್ಲಿ ಬಡತನವಿದ್ದಿತು. ಮುಲ್ಕಿ ಪರೀಕ್ಷೆಯವರೆಗೆ ಓದಿ, ಆ ಕಾಲದ ಬಡ ಮನೆಯ ಹುಡುಗನಿಗೆ ದೊರಕಬಹುದಾಗಿದ್ದ ಕನ್ನಡ ಶಾಲೆಯ ಶಿಕ್ಷಕವೃತ್ತಿಯನ್ನು ಹಿಡಿದರು. ಆದರೆ ಬಂಗಾಲ ವಿಭಜನೆಯ ತರುವಾಯ ದೇಶದಲ್ಲೆಲ್ಲ ಎದ್ದ ಸ್ವದೇಶೀ ಚಳವಳಿಯು ತರುಣ ಶಿಕ್ಷಕನ ಮನಸ್ಸನ್ನು ಕಲಕಿತು. ಸರ್ಕಾರದ ಸಂಬಳವನ್ನು ಬಿಟ್ಟು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಬಂದು, 1906ರಲ್ಲಿ ‘ಧನುರ್ಧಾರಿ’ಯೆಂಬ ಪತ್ರಿಕೆಯನ್ನು ಆರಂಭಿಸಿದರು. ಆಗ ಅವರಿಗೆ ವಯಸ್ಸು ಇಪ್ಪತ್ತು. ಸೇವಾಕಾರ್ಯಕ್ಕೆ ಸಂಸಾರವು ತೊಡಕಾಗಬಾರದೆಂದು ಆಜನ್ಮ ಬ್ರಹ್ಮಚರ್ಯವನ್ನೂ ಕೈಕೊಂಡರು.

ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳವರ ಸಹವಾಸವು ಅವರ ಜೀವನಕ್ಕೆ ಹೊಸ ತಿರುವನ್ನು ಕೊಟ್ಟಿತು. ಈ ಮಹಾಸ್ವಾಮಿಗಳೇ ಮುಂದೆ ಧಾರವಾಡದ ಮುರುಘಾಮಠದ ಪೀಠವನ್ನಲಂಕರಿಸಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದವನ್ನೂ ಆಶ್ರಯವನ್ನೂ ಇತ್ತು ಕೀರ್ತಿಶೇಷರಾದರು. ಇವರಿಬ್ಬರೂ ಕೂಡಿ 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಉತ್ಸವವನ್ನು ನಡೆಯಿಸಿದರು. ಇಂದು ಊರೂರಲ್ಲಿ ಆಚರಣೆಗೊಳ್ಳುವ ಉತ್ಸವಕ್ಕೆ ಬೀಜವು ಅಲ್ಲಿ ಬಿದ್ದಿತು. ಮಂಜಪ್ಪನವರಿಗೆ ಬಸವಣ್ಣನವರು ಕೇವಲ ಪೂಜ್ಯ ಮೂರ್ತಿಯಾಗಿರಲಿಲ್ಲ. ಶ್ರಮವನ್ನು ಪೂಜೆಯ ಮಟ್ಟಕ್ಕೇರಿಸಿದ ಆಚಾರ್ಯರಾಗಿ ಅವರು ಕಂಡರು. ಮಹಾತ್ಮ ಗಾಂಧಿಯವರ ಚರಕದಲ್ಲಿಯೂ ಶರಣರ ಕಾಯಕದಲ್ಲಿಯೂ ಒಂದೇ ತತ್ತ್ವವು ಅವರಿಗೆ ಗೋಚರಿಸಿತು.

ಆ ಕಾಲದಲ್ಲಿ ವೀರಶೈವ ಸಮಾಜದ ಹಿರಿಯರು ವಿದ್ಯಾಪ್ರಸಾರಕ್ಕಾಗಿ ಮಹತ್ಕಾರ್ಯಗಳನ್ನು ಮಾಡುತ್ತಲಿದ್ದರು. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಸ್ಥಾಪಿತವಾಯಿತು. ವಿಜಾಪುರದಲ್ಲಿ 1910ರಲ್ಲಿ ಫ. ಗು. ಹಳಕಟ್ಟಿಯವರ ಪರಿಶ್ರಮದಿಂದ ವಿದ್ಯಾವರ್ಧಕ ಸಂಘವು ತಲೆಯೆತ್ತಿತು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯು ಹುಟ್ಟಿತು. ಮಠಗಳು ಪ್ರಸಾದ ನಿಲಯಗಳನ್ನು ತೆರೆದವು. ಶತಮಾನಗಳಿಂದ ಅಕ್ಷರಕ್ಕೆ ದೂರವಾಗಿದ್ದ ಒಕ್ಕಲುಮಕ್ಕಳು ಇವುಗಳ ಬಲದಿಂದಲೇ ಶಾಲೆಯ ಮೆಟ್ಟಿಲನ್ನು ಹತ್ತಿದರು. ಈ ಉಪಕಾರವು ಅಳತೆಗೆ ಮೀರಿದುದು.

ಆದರೆ ಮಂಜಪ್ಪನವರ ಮನಸ್ಸನ್ನು ಬೇರೊಂದು ಪ್ರಶ್ನೆಯು ಬಾಧಿಸುತ್ತಿದ್ದಿತು. ಒಕ್ಕಲಿಗನ ಮಗನು ಓದಿ ಪರೀಕ್ಷೆಯಲ್ಲಿ ಉತ್ತೀರ್ಣನಾದ ಬಳಿಕ ತಂದೆಯ ನೇಗಿಲನ್ನು ಮುಟ್ಟಲು ನಾಚುವುದಾದರೆ, ನೇಕಾರನ ಮಗನು ಮಗ್ಗದ ಮುಂದೆ ಕುಳಿತುಕೊಳ್ಳುವುದನ್ನು ಅವಮಾನವೆಂದು ಬಗೆಯುವುದಾದರೆ, ಆ ವಿದ್ಯೆಯು ಮನೆಗೆ ಬೆಳಕಾಯಿತೋ ಕತ್ತಲಾಯಿತೋ? ಕಚೇರಿಯ ಗುಮಾಸ್ತಿಕೆಯೇ ವಿದ್ಯೆಯ ಕೊನೆಯ ಫಲವೆಂದಾದರೆ, ಆ ಫಲವು ದೊರಕದವರ ಗತಿಯೇನು? ಕೈಯನ್ನೂ ತಲೆಯನ್ನೂ ಬೇರ್ಪಡಿಸುವ ಶಾಲೆಯು ಶರಣರ ಮಕ್ಕಳಿಗೆ ತಕ್ಕುದಲ್ಲವೆಂಬ ನಿರ್ಣಯಕ್ಕೆ ಅವರು ಬಂದರು.

ಮೊದಲು ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಆಶ್ರಮವನ್ನು ಕಟ್ಟಿ, ತರುವಾಯ 1927ರಲ್ಲಿ ವಿಜಾಪುರ ಜಿಲ್ಲೆಯ ಆಲಮಟ್ಟಿಗೆ ಬಂದು ಕೃಷ್ಣಾ ತೀರದಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಸ್ಥಳದ ಆಯ್ಕೆಯು ಅರ್ಥಪೂರ್ಣವಾಗಿ ತೋರುತ್ತದೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯು ಅಲ್ಲಿಂದ ಸಮೀಪ; ಅದೇ ನದಿಯ ಕೆಳಹರಿವಿನಲ್ಲಿ ಮಲಪ್ರಭೆಯು ಬಂದು ಕೂಡುವಲ್ಲಿ ಕೂಡಲಸಂಗಮವಿದೆ. ಕಾಯಕಧರ್ಮವು ಮೊಳೆತ ನೆಲದಲ್ಲಿಯೇ ಕಾಯಕದ ಪಾಠಶಾಲೆಯು ನೆಲೆಗೊಂಡಿತು.

ಈ ವಿದ್ಯಾಲಯದಲ್ಲಿ ಓದು, ಉದ್ಯೋಗ, ಪ್ರಾರ್ಥನೆ ಎಂಬ ಮೂರೂ ಒಂದೇ ಹಗ್ಗದ ಮೂರು ಎಳೆಗಳಂತೆ ಹೆಣೆದುಕೊಂಡಿದ್ದವು. ನೂಲುವುದೂ ಭೂಮಿಯ ಕೆಲಸವೂ ಪಾಠದ ಬಿಡುವಿನ ವಿನೋದಗಳಲ್ಲ, ಅವೂ ಪಾಠಗಳೇ. ನೂಲಿನ ಎಳೆಯನ್ನು ಅಳೆದು ಎಣಿಸುವವನಿಗೆ ಗಣಿತವು ಬೆರಳ ತುದಿಯಲ್ಲಿ ಬರುತ್ತದೆ. ಮಣ್ಣನ್ನೂ ಮಳೆಯನ್ನೂ ಬಲ್ಲವನಿಗೆ ಸೃಷ್ಟಿಜ್ಞಾನವು ಪುಸ್ತಕಕ್ಕಿಂತ ಮೊದಲೇ ತಿಳಿಯುತ್ತದೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವವನಲ್ಲಿ ಮೇಲುಕೀಳಿನ ಭಾವವು ತಾನಾಗಿ ಸಡಿಲುತ್ತದೆ. ಈ ವಿಚಾರಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸುವುದಕ್ಕಾಗಿ ಅವರು ಪತ್ರಿಕೆಗಳನ್ನು ನಡೆಯಿಸಿದರು. ಸುಲಭವಾದ ಕನ್ನಡದಲ್ಲಿ ಅನೇಕ ಗ್ರಂಥಗಳನ್ನು ಬರೆದು ಪ್ರಕಟಿಸಿದರು.

ಮಹಾತ್ಮರು ವಾರ್ಧಾದಲ್ಲಿ ಶಿಕ್ಷಣ ಪರಿಷತ್ತನ್ನು ಕರೆದು, ಕೈಕಸುಬಿನ ಮೂಲಕ ಮಕ್ಕಳಿಗೆ ವಿದ್ಯೆಯನ್ನು ಕೊಡುವ ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದೆ ಇಟ್ಟುದು 1937ರ ಅಕ್ಟೋಬರದಲ್ಲಿ. ಅದಕ್ಕಿಂತ ಹತ್ತು ವರ್ಷ ಮೊದಲೇ ಕೃಷ್ಣೆಯ ದಂಡೆಯ ಮೇಲೆ ಒಬ್ಬ ಹಳ್ಳಿಯ ಶಿಕ್ಷಕನು ಅದೇ ಹಾದಿಯಲ್ಲಿ ಹೆಜ್ಜೆಯಿಟ್ಟಿದ್ದನೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿಯಾಗಿದೆ.

ಹಾದಿಯು ಸುಗಮವಾಗಿರಲಿಲ್ಲ. ಮಗನು ಸಾಹೇಬನಾಗಲೆಂದು ಶಾಲೆಗೆ ಕಳುಹಿಸುವ ತಾಯಿತಂದೆಗಳಿಗೆ, ಪದವಿಯನ್ನಾಗಲಿ ನೌಕರಿಯನ್ನಾಗಲಿ ವಾಗ್ದಾನ ಮಾಡದ ವಿದ್ಯಾಲಯವು ಹೇಗೆ ರುಚಿಸೀತು? ಅವರ ಆಸೆಯೂ ತಪ್ಪಾಗಿರಲಿಲ್ಲ. ತಲೆತಲಾಂತರದ ಬಡತನವೇ ಆ ಆಸೆಯನ್ನು ಹುಟ್ಟಿಸಿದ್ದಿತು. ಅಸಹಕಾರದ ಉತ್ಸಾಹದಲ್ಲಿ ತೆರೆದ ರಾಷ್ಟ್ರೀಯ ಶಾಲೆಗಳು ಎಷ್ಟೋ ಕಡೆಗಳಲ್ಲಿ ಕೆಲವೇ ವರ್ಷಗಳಲ್ಲಿ ಮುಚ್ಚಿದುದಕ್ಕೂ ಇದೇ ಕಾರಣವು ಬಹುಮಟ್ಟಿಗೆ ಇದ್ದಿತು. ಮಂಜಪ್ಪನವರಾದರೋ ಸಂಖ್ಯೆಯನ್ನು ನೋಡಿ ಹಿಗ್ಗಿದವರಲ್ಲ, ಕುಗ್ಗಿದವರಲ್ಲ. ತಾವು ಬೋಧಿಸಿದ ಸರಳತೆಯನ್ನು ಮೊದಲು ತಾವು ಬಾಳಿದರು. ಖಾದಿಯನ್ನು ಉಟ್ಟು, ಸ್ವಂತದ ಆಸ್ತಿಯೆಂಬುದನ್ನು ಕೂಡಿಡದೆ, ಶಿಷ್ಯರ ನಡುವೆ ಶ್ರಮಿಸಿದರು. ಗುರುವಿನ ನಡೆಯೇ ಶಿಷ್ಯನ ಮೊದಲನೆಯ ಪುಸ್ತಕವೆಂಬುದಕ್ಕೆ ಅವರ ಜೀವನವೇ ಸಾಕ್ಷಿಯಾಯಿತು.

ಸ್ವಾತಂತ್ರ್ಯೋದಯಕ್ಕೆ ಇನ್ನೂ ಕೆಲವು ತಿಂಗಳುಗಳಿರುವಾಗ, 1947ರ ಜನವರಿ 3ರಂದು ಮಂಜಪ್ಪನವರು ಲಿಂಗೈಕ್ಯರಾದರು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಮಂಜಪ್ಪನವರು ನಡೆದಾಡಿದ ಊರಿನ ಹೆಸರು ಇಂದು ಆ ಜಲಾಶಯದಿಂದ ದೇಶಕ್ಕೆಲ್ಲ ಪರಿಚಿತವಾಗಿದೆ. ಅವರ ಸ್ಮರಣಾರ್ಥವಾದ ವಿದ್ಯಾಸಂಸ್ಥೆಯೂ ಆ ಊರಿನಲ್ಲಿಯೇ ಇದೆ.

ಮಠಗಳ ಆಶ್ರಯದಲ್ಲಿ ಇಂದು ಶಿಶುವಿಹಾರದಿಂದ ಮಹಾವಿದ್ಯಾಲಯದವರೆಗೆ ಸಹಸ್ರಾರು ಮಕ್ಕಳು ಓದುತ್ತಿದ್ದಾರೆ. ಕಟ್ಟಡಗಳು ಎತ್ತರವಾಗಿವೆ, ಪದವಿಗಳು ಹೆಚ್ಚಿವೆ. ಇದು ಹಿರಿಯರ ತಪಸ್ಸಿನ ಫಲ. ಆ ಫಲದೊಳಗೆ ಕಾಯಕದ ತಿರುಳು ಉಳಿದಿದೆಯೇ ಎಂದು ಹಿಡಿದು ನೋಡುವುದಕ್ಕೆ ಆಲಮಟ್ಟಿಯ ವಿದ್ಯಾಲಯವು ಒಂದು ಒರೆಗಲ್ಲಾಗಿದೆ. ಓದಿದ ಮಗುವು ಹಾರೆಯನ್ನು ಹಿಡಿಯಲು ನಾಚದೆ, ಉಂಡ ಎಲೆಯನ್ನು ತಾನೇ ಎತ್ತಿ, ದುಡಿಯುವವನನ್ನು ಕಂಡು ಕೈಮುಗಿಯುವಂತಾದರೆ ಶ್ರೀ ಮಂಜಪ್ಪನವರ ಶ್ರಮವು ಸಾರ್ಥಕವಾದಂತೆಯೇ ಸರಿ. ಅಂತಹ ಮಕ್ಕಳು ಮಠದ ಅಂಗಳಗಳಲ್ಲಿ ಬೆಳೆದು ನಾಡಿಗೆ ಬೆಳಕಾಗುವಂತೆ ಗುರುಬಸವೇಶನು ಅನುಗ್ರಹಿಸಲಿ.